ದೈವ, ಮಂಡಳ, ವಾರ್ಡ್ ಸಭೆ: ಲಕ್ಕುಂಡಿ ಸೀಮೆಯ ಓಣಿ ಕೂಟಗಳು

ನೆರೆಹೊರೆಯವರು ಕೂಡಿ ತಮ್ಮ ಜಾಗದ ಕೆಲಸವನ್ನು ತಾವೇ ನೋಡಿಕೊಳ್ಳುವ ಕೂಟಕ್ಕೆ ಲಕ್ಕುಂಡಿ, ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಸೀಮೆಯಲ್ಲಿ ಒಂದೇ ಹೆಸರಿಲ್ಲ. ಊರ ಹಿರಿಯರು ಗುಡಿಯ ಕಟ್ಟೆಗೆ ಕೂಡಿದರೆ ಅದು ‘ದೈವ’. ಓಣಿಯ ಹುಡುಗರು ಗಣಪತಿ ಕೂಡ್ರಿಸಲು ಕಟ್ಟಿಕೊಂಡದ್ದು ‘ಮಂಡಳ’. ಹೊಸ ಬಡಾವಣೆಯಲ್ಲಿ ಸೈಟು ಕೊಂಡವರದು ‘ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘ’. ಪಂಚಾಯತಿ ಕಾನೂನಿನಲ್ಲಿ ಬರುವುದು ‘ವಾರ್ಡ್ ಸಭೆ’ ಮತ್ತು ‘ಜನವಸತಿ ಸಭೆ’. ಇವುಗಳಲ್ಲಿ ಕೆಲವಕ್ಕೆ ನೋಂದಣಿ ಇದೆ, ಮಾತು ನಡೆಯುವುದಿಲ್ಲ. ಕೆಲವಕ್ಕೆ ಒಂದು ಹಾಳೆಯ ದಾಖಲೆಯೂ ಇಲ್ಲ, ಆದರೆ ಊರು ಅವುಗಳ ಮಾತು ಮೀರುವುದಿಲ್ಲ. ಈ ಸೀಮೆಯ ಓಣಿ ಕೂಟಗಳನ್ನು ಅಳೆಯಲು ಹೆಸರಿಗಿಂತ ಒಳ್ಳೆಯ ಅಳತೆಗೋಲು ಒಂದಿದೆ: ಕೂಟದ ಕೆಲಸ ಒಮ್ಮೆ ಮುಗಿದುಹೋಗುವಂಥದ್ದೋ, ವರ್ಷವರ್ಷವೂ ತಿರುಗಿ ಬರುವಂಥದ್ದೋ ಎಂಬುದು.

ಇಲ್ಲಿನ ಕೂಟಗಳ ದಾಖಲೆ ಬಹಳ ಹಿಂದಕ್ಕೆ ಹೋಗುತ್ತದೆ. ಲಕ್ಷ್ಮೇಶ್ವರಕ್ಕೆ ಪೊರಿಗೆರೆ, ಪುಲಿಗೆರೆ ಎಂಬ ಹೆಸರುಗಳಿದ್ದ ಕಾಲದಲ್ಲಿ, ಸುಮಾರು ಕ್ರಿ.ಶ. 725ರ ಹೊತ್ತಿಗೆ, ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯನು ಆ ಪಟ್ಟಣದ ಮಹಾಜನರಿಗೂ ನಗರಕ್ಕೂ ಹದಿನೆಂಟು ಪ್ರಕೃತಿಗಳಿಗೂ ಒಂದು ‘ಆಚಾರ ವ್ಯವಸ್ಥೆ’ಯನ್ನು ಬರೆಸಿಕೊಟ್ಟ. ಕಲ್ಲಿನ ಮೇಲೆ ಕೊರೆದ ಈ ಕಟ್ಟಳೆ ಊರಿನವರ ಹೊಣೆಯನ್ನಷ್ಟೇ ಹೇಳುವುದಿಲ್ಲ, ಅರಸನ ಅಧಿಕಾರಿಗಳು ಊರಿನವರಿಗೆ ಏನು ಮಾಡಬೇಕೆಂಬುದನ್ನೂ ಹೇಳುತ್ತದೆ. ವಾಸವಿಲ್ಲದ ಮನೆಗಳನ್ನು ಕಾಯುವುದು, ಹಿಂದಿನಿಂದ ಬಂದ ನಡಾವಳಿಯನ್ನು ಉಳಿಸುವುದು ಅವರ ಪಾಲಿನ ಕೆಲಸ. ಮನೆಗಳ ಅಂತಸ್ತು ನೋಡಿ ಹೆಚ್ಚು ಕಡಿಮೆ ಮಾಡಿದ ತೆರಿಗೆಯೂ ಕಳವು ಮೊದಲಾದ ತಪ್ಪುಗಳ ದಂಡವೂ ಕಾರ್ತಿಕ ಮಾಸದಲ್ಲಿ ಅಲ್ಲಿನ ಶ್ರೇಣಿಗೆ, ಅಂದರೆ ಕಸುಬುದಾರರ ಕೂಟಕ್ಕೆ, ಸಲ್ಲಬೇಕು. ಹಣ ಊರಿನ ಕೂಟದ ಕೈಗೇ ಬರುತ್ತಿತ್ತು, ಅದೂ ವರ್ಷಕ್ಕೊಮ್ಮೆ ತಪ್ಪದೆ. ಇಂದಿನ ಬಡಾವಣೆ ಸಂಘಗಳಿಗೆ ಇರದ ಅನುಕೂಲ ಇದು.

ಡಂಬಳದ 1095ರ ಶಾಸನ ಇನ್ನೊಂದು ಬಗೆಯ ಕೂಟವನ್ನು ತೋರಿಸುತ್ತದೆ. ಕಲ್ಯಾಣ ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ಅಲ್ಲಿ ಹದಿನಾರು ಸೆಟ್ಟಿಗಳು ಕೂಡಿ ಬೌದ್ಧ ವಿಹಾರ ಕಟ್ಟಿಸಿದ್ದರು. ತಾರಾದೇವಿಗೂ ಅಲ್ಲಿ ನೆಲೆಯಿತ್ತು. ಲಕ್ಕುಂಡಿಯದು, ಅಂದರೆ ಅಂದಿನ ಲೊಕ್ಕಿಗುಂಡಿಯದು, ಬೇರೆ ಚಿತ್ರ. ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ ಒಬ್ಬಳ ದಾನ. ಆದರೆ ಗುಡಿ ಬಸದಿಗಳನ್ನು ದಾನಿ ಕಟ್ಟಿಸಬಹುದು, ನಡೆಸುವವರು ಊರಿನವರೇ. ಬಿಟ್ಟ ಹೊಲದ ಹುಟ್ಟುವಳಿ, ದೀಪದ ಎಣ್ಣೆ, ಓದುವವರ ಊಟ ಇವುಗಳ ಮೇಲೆ ಕಣ್ಣಿಡುವುದು ಮಹಾಜನರ ಪಾಲಿಗೆ ಬರುತ್ತಿತ್ತು. ಈ ಹಳೆಯ ಕೂಟಗಳನ್ನು ಜನತಂತ್ರದ ತೊಟ್ಟಿಲು ಎಂದು ಹೊಗಳುವ ರೂಢಿ ಉಂಟು. ಅದು ಅರ್ಧ ಮಾತ್ರ ಸರಿ. ಮಹಾಜನರು ಬ್ರಾಹ್ಮಣರು, ಸೆಟ್ಟಿಗಳು ಹಣವಂತರು. ಊರ ಹೊರಗಿನ ಕೇರಿಯವರು ಏನೆಂದರು ಎಂಬುದನ್ನು ಯಾವ ಕಲ್ಲೂ ಬರೆದಿಟ್ಟಿಲ್ಲ.

‘ದೈವ’ ಎಂಬ ಮಾತು ಉತ್ತರ ಕರ್ನಾಟಕದವರಿಗೆ ವಿವರಿಸಬೇಕಾದ್ದಲ್ಲ. ದಕ್ಷಿಣದವರು ಮಾತ್ರ ಅದನ್ನು ದೇವರೆಂದುಕೊಂಡು ತಡವರಿಸುತ್ತಾರೆ. ‘ದೈವ ಕೂಡಿತು’ ಎಂದರೆ ಊರಿನ ಪಂಚರು, ಹಿರಿಯರು, ಒಂದೊಂದು ಮನೆತನದ ಮುಖ್ಯಸ್ಥರು ಸೇರಿದರು ಎಂದರ್ಥ. ದ್ಯಾಮವ್ವನ ಜಾತ್ರೆ ಯಾವಾಗ, ಮನೆಗೆ ಪಟ್ಟಿ ಎಷ್ಟು, ತೇರಿನ ಹಗ್ಗ ಯಾರದು, ಮಳೆ ಹೋದ ವರ್ಷ ವಾರ ಹಿಡಿಯಬೇಕೋ ಬೇಡವೋ ಇವೆಲ್ಲ ಅಲ್ಲಿ ತೀರ್ಮಾನವಾಗುತ್ತವೆ. ವಾರ ಹಿಡಿದರೆ ಆ ದಿನ ಹೊಲದಲ್ಲಿ ನೇಗಿಲು ಹೂಡುವಂತಿಲ್ಲ. ಡಂಗುರ ಸಾರಿದ ಮೇಲೆ ಸಿರಿವಂತನೂ ಎತ್ತು ಹೂಡುವುದಿಲ್ಲ. ಹೊಲದ ಬದುವಿನ ತಂಟೆ, ಅಣ್ಣ ತಮ್ಮಂದಿರ ಪಾಲು, ದಾರಿಯ ಜಗಳಗಳೂ ಕೋರ್ಟಿಗೆ ಹೋಗುವ ಮೊದಲು ಇದೇ ಕಟ್ಟೆಗೆ ಬರುತ್ತವೆ. ದೈವದ ಬಲ ಅದರ ಬರೆಯದ ಸ್ವಭಾವದಲ್ಲಿದೆ, ಅದರ ಕೇಡೂ ಅಲ್ಲೇ ಇದೆ. ಬರೆಯದ ತೀರ್ಮಾನಕ್ಕೆ ಮೇಲ್ಮನವಿ ಇಲ್ಲ. ಕಟ್ಟೆಯ ಮೇಲೆ ಹೆಂಗಸರು ಕೂಡುವುದಿಲ್ಲ. ದಲಿತ ಕೇರಿಯವರು ಬಂದರೂ ಎಷ್ಟೋ ಕಡೆ ನಿಂತೇ ಮಾತಾಡಬೇಕು.

ಈ ಸೀಮೆಯ ಕೂಟಗಳಿಗೆ ಮೊದಲ ಸಲ ಲೆಕ್ಕದ ಪುಸ್ತಕ ಕೊಟ್ಟದ್ದು ಸಹಕಾರ ಚಳವಳಿ. 1904ರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂದ ಮರುವರ್ಷವೇ, 1905ರಲ್ಲಿ, ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಪತ್ತಿನ ಸಂಘ ಕಟ್ಟಿದರು. ದೇಶದ ಮೊದಲ ಕೃಷಿ ಸಹಕಾರ ಸಂಘವೆಂದು ಹೆಸರಾದದ್ದು ಅದೇ. ಸಾಲ ಪಡೆದವನ ಹೊಲ ಯಾವುದು, ಬೆಳೆ ಎಷ್ಟು, ಮನೆಯಲ್ಲಿ ಮದುವೆ ಇದೆಯೋ ಇಲ್ಲವೋ ಎಂಬುದೆಲ್ಲ ಸಾಲ ಕೊಡುವವರಿಗೆ ಗೊತ್ತಿರುತ್ತಿತ್ತು. ಎಲ್ಲರೂ ಒಂದೇ ಊರಿನವರು. ಸಾವುಕಾರನ ಬಡ್ಡಿಗೆ ಎದುರಾಗಿ ನಿಂತದ್ದು ಕಾಯ್ದೆ ಎನ್ನುವುದಕ್ಕಿಂತ ಈ ನೆರೆಯ ಪರಿಚಯ ಎನ್ನಬೇಕು. ಮುಂದೆ ಹುಲಕೋಟಿಯ ಕೆ.ಎಚ್. ಪಾಟೀಲರ ಕಾಲದಲ್ಲಿ ಗದಗ ಸಹಕಾರ ರಂಗದ ದೊಡ್ಡ ಹೆಸರಾಯಿತು. ಬಿತ್ತನೆಯ ಸಾಲ ಪ್ರತಿ ವರ್ಷ ಬೇಕು, ಪ್ರತಿ ವರ್ಷ ತೀರಬೇಕು. ಸಂಘ ಉಳಿಯಲು ಅಷ್ಟು ಸಾಕಾಯಿತು.

ಮಂಡಳದ ಬೇರು ಮುಂಬಯಿ ಪ್ರಾಂತದ್ದು. ಗದಗ 1956ರವರೆಗೂ ಆ ಪ್ರಾಂತದ ಧಾರವಾಡ ಜಿಲ್ಲೆಯ ಭಾಗ. ಬಾಲ ಗಂಗಾಧರ ತಿಲಕರು 1893ರಿಂದ ಸಾರ್ವಜನಿಕ ಗಣೇಶೋತ್ಸವಕ್ಕೆ ಕೊಟ್ಟ ರೂಪ ಈ ಕಡೆಯೂ ಬೇರುಬಿಟ್ಟಿತು. ‘ಮಂಡಳ’ ಎಂಬ ಮಾತೂ ಆ ದಾರಿಯಲ್ಲೇ ಬಂದದ್ದು. ಇಂದು ಬೆಟಗೇರಿಯ ನೇಕಾರರ ಓಣಿಯಿಂದ ಲಕ್ಕುಂಡಿಯ ಅಗಸಿಯವರೆಗೆ ಮಂಡಳವಿಲ್ಲದ ಓಣಿ ಹುಡುಕಬೇಕು. ಅವುಗಳ ಆಡಳಿತ ನೋಡುವಂಥದ್ದು. ಶ್ರಾವಣ ಮುಗಿಯುವ ಹೊತ್ತಿಗೆ ರಶೀದಿ ಪುಸ್ತಕ ಅಚ್ಚಾಗಿ ಬರುತ್ತದೆ. ನಾಲ್ಕಾರು ಹುಡುಗರು ಸಂಜೆ ಮನೆಮನೆಗೆ ಹೋಗುತ್ತಾರೆ. ಕಳೆದ ವರ್ಷ ಆ ಮನೆಯವರು ಎಷ್ಟು ಕೊಟ್ಟಿದ್ದರೆಂಬುದು ಹಳೆಯ ನೋಟುಬುಕ್ಕಿನಲ್ಲಿದೆ, ಅದಕ್ಕಿಂತ ಕಡಿಮೆ ತಗೊಳ್ಳಲು ಒಪ್ಪುವುದಿಲ್ಲ. ಗಣಪತಿ ಕಳಿಸುವ ದಿನ ಹಾರ, ತೆಂಗಿನಕಾಯಿ, ಲಾಡುಗಳ ಲಿಲಾವು ನಡೆಯುತ್ತದೆ. ಕೂಗಿದವನು ಅಲ್ಲೇ ರೊಕ್ಕ ಕೊಡಬೇಕೆಂದಿಲ್ಲ, ಮುಂದಿನ ವರ್ಷದ ಹಬ್ಬದೊಳಗೆ ಮುಟ್ಟಿಸಿದರೆ ಆಯಿತು. ಬಾಕಿ ಉಳಿಸಿಕೊಂಡವನ ಹೆಸರನ್ನು ಎಲ್ಲರೆದುರು ಓದುವ ಮಂಡಳಗಳೂ ಇವೆ; ಆ ಭಯದ ಮುಂದೆ ಬ್ಯಾಂಕಿನ ನೋಟೀಸು ಏನೂ ಅಲ್ಲ. ಕೊನೆಗೆ ಜಮಾ, ಖರ್ಚು, ಶಿಲ್ಕು ಎಂದು ಮೂರು ಸಾಲು ಬರೆದು ಗುಡಿಯ ಗೋಡೆಗೆ ಹಚ್ಚುತ್ತಾರೆ. ಶಿಲ್ಕು ಉಳಿದ ವರ್ಷ ಓಣಿಗೆ ಒಂದು ಕಲ್ಲುಬೆಂಚು, ಒಂದು ಬೀದಿದೀಪ, ಶಾಲೆಗೆ ಒಂದು ಗಡಿಯಾರ ಬಂದೀತು. ಡಿಜೆ ತಂದ ವರ್ಷ ಶಿಲ್ಕು ಇರುವುದಿಲ್ಲ.

ಹಬ್ಬದ ಕೂಟ ಗಣಪತಿಗಷ್ಟೇ ಅಲ್ಲ. ಮೊಹರಮ್ಮಿನ ಅಲಾಯಿ ದೇವರು ಕೂಡ್ರಿಸುವ ಕೆಲಸದಲ್ಲಿ ಮುಸ್ಲಿಮರ ಮನೆ ವಿರಳವಾದ ಹಳ್ಳಿಗಳಲ್ಲೂ ಊರಿನವರೆಲ್ಲ ಸೇರುತ್ತಾರೆ. ಶಿರಹಟ್ಟಿಯ ಫಕೀರೇಶ್ವರ ಮಠದ ಹೆಸರೇ ಭಾವೈಕ್ಯತೆಯ ಕಥೆ ಹೇಳುತ್ತದೆ. ಇಂಥ ಕಡೆ ಜಾತ್ರಾ ಕಮಿಟಿ ಎಂದರೆ ಧರ್ಮದ ಕಮಿಟಿ ಎನ್ನುವುದಕ್ಕಿಂತ ಊರಿನ ಕಮಿಟಿ. ಹಬ್ಬದ ಮೆರವಣಿಗೆಯ ದಾರಿ ತಂಟೆಗೆ ಬಂದಾಗ ಪೊಲೀಸರು ಕರೆಯುವ ಶಾಂತಿ ಸಭೆಯಲ್ಲಿ ಕೂಡುವ ಮುಖಗಳೂ ಇವೇ.

ಹೆಂಗಸರ ಕೂಟ ಬೇರೆ ದಾರಿಯಲ್ಲಿ ಬಂತು. ಕಟ್ಟೆಯ ಮೇಲೆ ಜಾಗ ಸಿಗದವರಿಗೆ 2000-01ರಲ್ಲಿ ಶುರುವಾದ ಸ್ತ್ರೀಶಕ್ತಿ ಯೋಜನೆ ವಾರಕ್ಕೊಮ್ಮೆ ಕೂಡುವ ನೆಪ ಕೊಟ್ಟಿತು. ಹದಿನೈದಿಪ್ಪತ್ತು ಮಂದಿ, ಒಂದು ತಿಜೋರಿ ಡಬ್ಬಿ, ಒಂದು ಪಾಸ್‌ಬುಕ್ಕು. ಉಳಿತಾಯಕ್ಕೆಂದು ಕೂಡಿದವರು ಸಾರಾಯಿ ಅಂಗಡಿಯ ಮಾತೆತ್ತಿದರು, ಅಂಗನವಾಡಿಯ ಅಕ್ಕಿಯ ಮಾತೆತ್ತಿದರು, ನಲ್ಲಿಯ ಮಾತೆತ್ತಿದರು. ಖಾಲಿ ಕೊಡ ಹಿಡಿದು ಪಂಚಾಯತಿ ಬಾಗಿಲಿಗೆ ಬರುವ ಗುಂಪನ್ನು ನೋಡಿದರೆ ಅದರಲ್ಲಿ ಮುಕ್ಕಾಲು ಪಾಲು ಈ ಸಂಘಗಳ ಸದಸ್ಯರೇ. 2010ರ ತಿದ್ದುಪಡಿಯ ಮೇಲೆ ಪಂಚಾಯತಿಯ ಅರ್ಧ ಸ್ಥಾನಗಳು ಮಹಿಳೆಯರಿಗೆ ಮೀಸಲಾದಾಗ, ಸಭೆಯಲ್ಲಿ ಮಾತಾಡಿ ರೂಢಿಯಾಗಿದ್ದ ಅಭ್ಯರ್ಥಿಗಳು ಸಿಕ್ಕದ್ದೂ ಇಲ್ಲಿಂದಲೇ. ಗಂಡಂದಿರು ಖುರ್ಚಿಯ ಹಿಂದೆ ನಿಂತು ಆಡಳಿತ ನಡೆಸುವ ಪರಿಪಾಠ ಹೋಗಿಲ್ಲ, ಆದರೆ ಅದನ್ನು ಕಂಡು ನಗುವವರು ಹೆಚ್ಚಿದ್ದಾರೆ.

ಇನ್ನು ಕಾನೂನಿನ ಕೂಟಗಳು. 1993ರ ಪಂಚಾಯತ್ ರಾಜ್ ಅಧಿನಿಯಮ (ಈಗ ಅದರ ಹೆಸರಿಗೆ ‘ಗ್ರಾಮ ಸ್ವರಾಜ್’ ಸೇರಿದೆ) ಗ್ರಾಮಸಭೆಯ ಕೆಳಗೆ ವಾರ್ಡ್ ಸಭೆಯನ್ನೂ, ಆಮೇಲಿನ ತಿದ್ದುಪಡಿಯಲ್ಲಿ ಜನವಸತಿ ಸಭೆಯನ್ನೂ ಇಟ್ಟಿದೆ. ವಾರ್ಡ್ ಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ರಸ್ತೆ, ಗಟಾರು, ನೀರು, ಬೀದಿದೀಪಗಳ ಬೇಡಿಕೆ ಇಲ್ಲಿಂದ ಮೇಲೆ ಹೋಗಬೇಕು. ಮನೆ ಹಂಚಿಕೆಯ ಫಲಾನುಭವಿಗಳ ಪಟ್ಟಿಗೂ ಇಲ್ಲಿಯ ಒಪ್ಪಿಗೆ ಬೇಕು. ಕಾಗದದ ಮೇಲೆ ಇದಕ್ಕಿಂತ ಹೆಚ್ಚಿನದನ್ನು ಒಂದು ಓಣಿ ಕೇಳಲಾರದು.

ನಡೆಯುವ ಬಗೆ ಹೀಗೆ: ಮನೆ ಹಂಚಿಕೆ ಇದ್ದ ದಿನ ಶಾಲೆಯ ಅಂಗಳ ತುಂಬಿರುತ್ತದೆ, ಪಂಚಾಯತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಮೈಕು ಹಿಡಿದು ಕೂಗಿದರೂ ಕೇಳಿಸದಷ್ಟು. ಮನೆ ಇಲ್ಲದ ದಿನ ನಡಾವಳಿ ಪುಸ್ತಕವೇ ಊರು ಸುತ್ತುತ್ತದೆ. ಚಹಾದಂಗಡಿಯಲ್ಲಿ ನಾಲ್ಕು ಸಹಿ, ಸೊಸೈಟಿಯ ಮುಂದೆ ಆರು, ಕೋರಂ ಆಯಿತು. ಠರಾವಿನ ಮಾತು ಮೊದಲೇ ಬರೆದಿರುತ್ತದೆ. ಜನ ಉದಾಸೀನರೆಂದು ಇದಕ್ಕೆ ಅಧಿಕಾರಿಗಳು ಕಾರಣ ಕೊಡುತ್ತಾರೆ. ಅದೇ ಜನ ಜಾತ್ರೆಯ ದೈವಕ್ಕೆ ಕೆಲಸ ಬಿಟ್ಟು ಬರುತ್ತಾರೆಂಬುದನ್ನು ನೋಡಿದರೆ ಆ ಕಾರಣ ನಿಲ್ಲುವುದಿಲ್ಲ. ಕಳೆದ ಸಭೆಯ ಠರಾವು ಏನಾಯಿತೆಂದು ಮೊದಲು ಓದಿ ಹೇಳುವ ಸಭೆಗೆ ಜನ ಬರುತ್ತಾರೆ. ಮಂಡಳದ ಹುಡುಗರು ಗೋಡೆಗೆ ಹಚ್ಚುವ ಶಿಲ್ಕಿನ ಹಾಳೆ ಪಂಚಾಯತಿಯ ಗೋಡೆಯ ಮೇಲೂ ಇರಬೇಕೆಂದು ಕಾನೂನು ಹೇಳಿದರೂ ಅದನ್ನು ಓದುವಂತೆ ಬರೆದ ಪಂಚಾಯತಿ ಅಪರೂಪ. ಶಾಲೆಗಳಲ್ಲಿ 2001ರಿಂದ ಇರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳ ಗತಿ ಸ್ವಲ್ಪ ಮೇಲು: ಮಗು ದಿನವೂ ಅದೇ ಶಾಲೆಗೆ ಹೋಗುತ್ತದೆ, ಬಿಸಿಯೂಟದ ರುಚಿ ದಿನವೂ ಮನೆಗೆ ತಿಳಿಯುತ್ತದೆ.

ಪಟ್ಟಣಕ್ಕೆ ಬಂದರೆ ಒಂದು ವಿಚಿತ್ರ ಕಾಣುತ್ತದೆ. ಲಕ್ಕುಂಡಿಯ ನಿವಾಸಿಗೆ ಕಾನೂನು ಕೊಟ್ಟ ವಾರ್ಡ್ ಸಭೆ ಇದೆ. ಹನ್ನೆರಡು ಕಿಲೋಮೀಟರ್ ಆಚೆ ಗದಗ-ಬೆಟಗೇರಿಯಲ್ಲಿರುವವನಿಗೆ ಅಂಥ ಸಭೆಯನ್ನು ಸಂವಿಧಾನ ಕಡ್ಡಾಯ ಮಾಡಿಲ್ಲ. 74ನೇ ತಿದ್ದುಪಡಿಯ 243ಎಸ್ ವಿಧಿ ವಾರ್ಡ್ ಸಮಿತಿಗಳನ್ನು ಕೇಳುವುದು ಮೂರು ಲಕ್ಷ ಅಥವಾ ಹೆಚ್ಚು ಜನಸಂಖ್ಯೆಯ ಪೌರಸಂಸ್ಥೆಗಳಲ್ಲಿ. ಅವಳಿನಗರದ ಜನಸಂಖ್ಯೆ 2011ರ ಗಣತಿಯಲ್ಲಿ ಸುಮಾರು 1.72 ಲಕ್ಷ. ಹೀಗಾಗಿ 35 ವಾರ್ಡುಗಳ ನಗರಸಭೆಯಲ್ಲಿ ಓಣಿಗೂ ಆಡಳಿತಕ್ಕೂ ನಡುವೆ ಇರುವ ಸೇತುವೆ ಒಬ್ಬ ಸದಸ್ಯ ಮಾತ್ರ. ಚುನಾಯಿತ ಮಂಡಳಿಯ ಅವಧಿ ಮುಗಿದು ಆಡಳಿತಾಧಿಕಾರಿ ಬಂದ ದಿನಗಳಲ್ಲಿ ಅದೂ ಇಲ್ಲ.

ಈ ಖಾಲಿ ಜಾಗವನ್ನು ತುಂಬಿದ್ದು ಬಡಾವಣೆ ಸಂಘಗಳು. ಏಳು ಮಂದಿ ಸೇರಿದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದಲ್ಲಿ ಸಂಘ ನೋಂದಾಯಿಸಬಹುದು. ಲೇಔಟ್ ಮಾಡಿದವನು ರಸ್ತೆ, ಗಟಾರು, ಲೈಟು ಅರ್ಧಕ್ಕೆ ಬಿಟ್ಟು ಹೋದ, ನಗರಸಭೆ ಹಸ್ತಾಂತರ ಮಾಡಿಕೊಳ್ಳಲೊಲ್ಲದು, ಉದ್ಯಾನಕ್ಕೆ ಬಿಟ್ಟ ಜಾಗಕ್ಕೆ ಯಾರೋ ತಂತಿ ಬೇಲಿ ಹಾಕಿದರು: ಹತ್ತರಲ್ಲಿ ಒಂಬತ್ತು ಸಂಘಗಳು ಹುಟ್ಟುವುದು ಈ ಮೂರರಲ್ಲಿ ಒಂದು ಕಾರಣದಿಂದ. ಮನವಿ ಪತ್ರ, ಜಿಲ್ಲಾಧಿಕಾರಿ ಕಚೇರಿಯ ಮೆಟ್ಟಿಲು, ಪತ್ರಿಕೆಯಲ್ಲಿ ಒಂದು ಫೋಟೋ. ರಸ್ತೆಗೆ ಡಾಂಬರು ಬಿದ್ದ ಮೇಲೆ ಸಂಘ ಮಲಗುತ್ತದೆ, ವಾರ್ಷಿಕ ಲೆಕ್ಕ ಸಲ್ಲಿಸದೆ ನೋಂದಣಿಯೂ ನಿಲ್ಲುತ್ತದೆ. ಬಾಡಿಗೆದಾರರನ್ನು ಸದಸ್ಯರೆಂದು ಒಪ್ಪುವ ಸಂಘಗಳು ಕಡಿಮೆ. ರಸ್ತೆಯ ಗುಂಡಿಯಲ್ಲಿ ಬೀಳುವಾಗ ಮಾಲೀಕ, ಬಾಡಿಗೆದಾರ ಎಂಬ ಭೇದ ಇಲ್ಲ ಎನ್ನುವುದು ಬೇರೆ ಮಾತು.

ಸಂಘವನ್ನು ಎಚ್ಚರವಾಗಿಡುವುದು ನೀರು. ಅವಳಿನಗರಕ್ಕೆ ಕುಡಿಯುವ ನೀರು ಮುಂಡರಗಿ ತಾಲ್ಲೂಕಿನ ಹಮ್ಮಿಗಿಯ ಬಳಿ ತುಂಗಭದ್ರೆಯಿಂದ ಬರುತ್ತದೆ. ವಾರಕ್ಕೊಮ್ಮೆ, ಎರಡು ವಾರಕ್ಕೊಮ್ಮೆ ನಲ್ಲಿ ಬಂದ ಬೇಸಿಗೆಗಳು ಇಲ್ಲಿಗೆ ಹೊಸವಲ್ಲ. ಆಗ ಓಣಿಯವರು ಹುಡುಕುವುದು ನಗರಸಭೆಯ ಅಧ್ಯಕ್ಷರನ್ನಲ್ಲ, ವಾಲ್‌ಮನ್‌ನನ್ನು. ಅವನ ಮೊಬೈಲ್ ನಂಬರು ಇರುವ ಮನೆ ಓಣಿಯ ದೊಡ್ಡ ಮನೆ. ಮುಂಡರಗಿ ಕಡೆಯ ಹಳ್ಳಿಗಳಲ್ಲಿ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಇರುವುದರಿಂದ ಶುದ್ಧ ಕುಡಿಯುವ ನೀರಿನ ಘಟಕವೇ ಹೊಸ ಕಟ್ಟೆಯಾಗಿದೆ. ಕಾಯಿನ್ ಹಾಕಿ ಕ್ಯಾನು ತುಂಬುವವರೆಗೆ ಊರಿನ ಸುದ್ದಿಯೆಲ್ಲ ಅಲ್ಲಿ ಓಡಾಡುತ್ತದೆ. ಘಟಕ ಕೆಟ್ಟು ನಿಂತರೆ ಮೊದಲ ದೂರು ಹೋಗುವುದೂ ಅಲ್ಲಿಂದಲೇ.

ಓಣಿಯ ಕೂಟಗಳು ಒಂದಾಗಿ ಜಿಲ್ಲೆಯ ದನಿಯಾದದ್ದು ಎರಡು ಸಲ ಎದ್ದು ಕಾಣುತ್ತದೆ. 2011ರಲ್ಲಿ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿ ಸುತ್ತಲಿನ ಮೂರು ಸಾವಿರಕ್ಕೂ ಹೆಚ್ಚು ಎಕರೆ ಹೊಲವನ್ನು ಪೋಸ್ಕೊ ಉಕ್ಕಿನ ಕಾರ್ಖಾನೆಗಾಗಿ ತೆಗೆದುಕೊಳ್ಳಲು ಹೊರಟಾಗ ರೈತರು ಎದ್ದರು. ಗದಗ-ಡಂಬಳ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು ಮುಂದೆ ನಿಂತರು. ಅದೇ ವರ್ಷದ ಜುಲೈನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಕಪ್ಪತಗುಡ್ಡದ್ದು ಇದಕ್ಕಿಂತ ಉದ್ದದ ಕಥೆ. ಗದಗ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳಲ್ಲಿ ಹಬ್ಬಿದ ಈ ಗುಡ್ಡ ಔಷಧಿ ಸಸ್ಯಗಳ ನೆಲೆ, ಕಬ್ಬಿಣ ಮತ್ತು ಚಿನ್ನದ ಅದಿರಿನ ನೆಲೆಯೂ ಹೌದು. 2015ರಲ್ಲಿ ಅದನ್ನು ಸಂರಕ್ಷಿತ ಪ್ರದೇಶವೆಂದು ಸಾರಿ 2016ರಲ್ಲಿ ಆ ಆದೇಶ ಹಿಂತೆಗೆದುಕೊಂಡದ್ದೇ ತಡ, ಮಠಗಳು, ರೈತ ಸಂಘಗಳು, ಕಾಲೇಜು ಹುಡುಗರು, ಪರಿಸರದವರು ಒಂದಾದರು. 2017ರ ಫೆಬ್ರವರಿಯಲ್ಲಿ ಗದಗದಲ್ಲಿ ಅಹೋರಾತ್ರಿ ಧರಣಿ ನಡೆಯಿತು. ಅದೇ ವರ್ಷ ಗುಡ್ಡಕ್ಕೆ ಮತ್ತೆ ಸಂರಕ್ಷಿತ ಪ್ರದೇಶದ ಪಟ್ಟ ಬಂತು; 2019ರಲ್ಲಿ 244 ಚದರ ಕಿಲೋಮೀಟರ್ ವನ್ಯಜೀವಿಧಾಮವಾಯಿತು. ಗೆದ್ದ ಮೇಲೆ ಎರಡೂ ಹೋರಾಟದ ಕೂಟಗಳು ಚದುರಿದವು. ಬೇಸಿಗೆಯಲ್ಲಿ ಗುಡ್ಡಕ್ಕೆ ಬೆಂಕಿ ಬಿದ್ದಾಗ ಸೊಪ್ಪಿನ ಟೊಂಗೆ ಹಿಡಿದು ಓಡುವವರು ಮಾತ್ರ ಅರಣ್ಯ ಇಲಾಖೆಯ ಕಾವಲುಗಾರರು ಮತ್ತು ಬುಡದ ಹಳ್ಳಿಯ ಹತ್ತಾರು ಮಂದಿ.

ಗದ್ದಲವಿಲ್ಲದೆ ನಡೆದ ಉದಾಹರಣೆ ಶಿರಹಟ್ಟಿ ಸೀಮೆಯ ಮಾಗಡಿ ಕೆರೆ. ಸುಮಾರು 50 ಹೆಕ್ಟೇರಿನ ಈ ಕೆರೆಗೆ ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಸಾವಿರಗಟ್ಟಲೆ ಬಂದಿಳಿಯುತ್ತವೆ. 2024ರ ಜನವರಿಯಲ್ಲಿ ಇದಕ್ಕೆ ರಾಮ್ಸರ್ ತಾಣದ ಮಾನ್ಯತೆ ಸಿಕ್ಕಿತು. ಹಕ್ಕಿಗಳು ಹಗಲು ಕೆರೆಯಲ್ಲಿ ತೇಲಿ ಕತ್ತಲಾದ ಮೇಲೆ ಮೇಯಲು ಹೋಗುವುದು ಸುತ್ತಲಿನ ಶೇಂಗಾ, ಕಡಲೆ, ಗೋಧಿಯ ಹೊಲಗಳಿಗೆ. ರೈತರು ಅವುಗಳನ್ನು ಹೊಡೆಯದೆ ಬಿಟ್ಟದ್ದಕ್ಕೆ ಯಾವ ಸಂಘದ ಠರಾವೂ ಇಲ್ಲ. ‘ಅವು ವರ್ಷಕ್ಕೊಮ್ಮೆ ಬರೋ ಬೀಗರು’ ಎಂಬ ಭಾವನೆ ಇದೆ, ಅಷ್ಟೇ. ಬೀಗರು ಎಂದಮೇಲೆ ಸ್ವಲ್ಪ ನಷ್ಟ ಇದ್ದದ್ದೇ.

ಲಕ್ಕುಂಡಿಯಲ್ಲಿ ಇಂದು ಎದ್ದಿರುವ ಪ್ರಶ್ನೆ ಇವೆಲ್ಲವುಗಳಿಗಿಂತ ತೊಡಕಿನದು. ನೂರಾಒಂದು ಗುಡಿ, ನೂರಾಒಂದು ಬಾವಿ ಎಂದು ಊರಿನವರು ಹೇಳುವ ಊರು ಇದು. ಕಾಶಿವಿಶ್ವೇಶ್ವರ, ನನ್ನೇಶ್ವರ, ಮಾಣಿಕೇಶ್ವರ ಗುಡಿಗಳ ಅಕ್ಕಪಕ್ಕದಲ್ಲೇ ಜನ ಬಾಳುತ್ತಾರೆ. ಕೆತ್ತಿದ ಕಂಬದ ತುಂಡು ಕಟ್ಟೆಗೆ ಮೆಟ್ಟಿಲಾಗಿದೆ, ಮುರಿದ ವೀರಗಲ್ಲು ದನದ ಕೊಟ್ಟಿಗೆಯ ಗೋಡೆಯಲ್ಲಿದೆ. ರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷೇಧ, ಅದರಾಚೆ 200 ಮೀಟರ್ ನಿಯಂತ್ರಣ ಎಂಬುದು ಪುರಾತತ್ವ ಕಾಯ್ದೆಯ 2010ರ ತಿದ್ದುಪಡಿ. ಬಯಲಿನಲ್ಲಿ ಒಂಟಿಯಾಗಿ ನಿಂತ ಸ್ಮಾರಕಕ್ಕೆ ಇದು ಸರಿ. ಹೆಜ್ಜೆಗೊಂದು ಗುಡಿ ಇರುವ ಊರಿನಲ್ಲಿ ಈ ವೃತ್ತಗಳು ಒಂದರ ಮೇಲೊಂದು ಬಿದ್ದು ಓಣಿಗಳನ್ನೇ ನುಂಗುತ್ತವೆ. ಮಗನ ಮದುವೆಗೆ ಒಂದು ಕೋಣೆ ಏರಿಸಬೇಕಾದವನಿಗೆ ಪರಂಪರೆ ಎಂಬ ಮಾತು ಅನುಮತಿ ಪತ್ರವಾಗಿಯೇ ಕಾಣುತ್ತದೆ.

ಆದರೂ 2024ರ ನವೆಂಬರಿನಲ್ಲಿ ಪ್ರಾಚ್ಯಾವಶೇಷಗಳನ್ನು ಹುಡುಕಿ ಸಂಗ್ರಹಿಸುವ ಕೆಲಸ ಊರಲ್ಲಿ ನಡೆದಾಗ ಮನೆ, ಹಿತ್ತಲು, ಬಾವಿಗಳಿಂದ ನೂರಾರು ಶಿಲ್ಪ, ಶಾಸನ, ಅವಶೇಷಗಳು ಹೊರಬಂದವು. ಅವುಗಳಲ್ಲಿ ಹಲವನ್ನು ಜನ ತಾವಾಗಿ ಒಪ್ಪಿಸಿದರು. 2025ರ ಜೂನ್‌ನಲ್ಲಿ ಉತ್ಖನನಕ್ಕೆ ಚಾಲನೆ ಸಿಕ್ಕಿತು. ಉತ್ಖನನ ನಡೆಯುವ ಊರಿನಲ್ಲಿ ಓಣಿಯವರಿಗೆ ಕೇಳಲು ಬಹಳವಿದೆ: ಮನೆ ಬಿಡಬೇಕಾದೀತೇ, ಬಿಟ್ಟರೆ ಎಲ್ಲಿಗೆ, ಸಿಕ್ಕ ಶಿಲ್ಪ ಊರಲ್ಲೇ ಉಳಿದೀತೇ, ಪ್ರವಾಸಿಗರು ಬಂದರೆ ಯಾರ ಅಂಗಡಿಗೆ ಲಾಭ. ಇವನ್ನು ಕೇಳಲು ವಾರ್ಡ್ ಸಭೆ ಇದೆ. ಊರಿನ ಪರಂಪರೆ ನೋಡಿಕೊಳ್ಳುವ ಹೆರಿಟೇಜ್ ಪ್ರಾಧಿಕಾರ, ಪುರಾತತ್ವ ಇಲಾಖೆ, ಪಂಚಾಯತಿ ಮೂರೂ ಒಂದೇ ಚಾಪೆಯ ಮೇಲೆ ಕೂಡುವ ಸಭೆಯಾದರೆ ಮಾತ್ರ ಉತ್ತರ ಸಿಗುವಂಥ ಪ್ರಶ್ನೆಗಳಿವು.

ಬಾವಿಗಳ ಸಂಗತಿ ಇದಕ್ಕೆ ಹೊಂದಿಕೊಂಡದ್ದು. ಮಾಣಿಕೇಶ್ವರ ಗುಡಿಯ ಮುಂದಿನ ಮುಸುಕಿನ ಬಾವಿಗೆ ಮೂರು ಕಡೆ ಮೆಟ್ಟಿಲು, ಗೋಡೆಯಲ್ಲಿ ಸಣ್ಣ ಸಣ್ಣ ಗುಡಿಯಂಥ ಗೂಡುಗಳು. ಅದು ಪ್ರವಾಸಿಗರ ಕಣ್ಣಿಗೆ ಬಿದ್ದು ಉಳಿಯಿತು. ಓಣಿಯ ಒಳಗಿನ ಉಳಿದ ಬಾವಿಗಳು ನಲ್ಲಿ ಬರುವವರೆಗೆ ನೀರು ಕೊಟ್ಟವು, ನಲ್ಲಿ ಬಂದ ಮೇಲೆ ಕಸ ತಗೊಂಡವು. ನೀರು ಸೇದುವ ದಿನಗಳಲ್ಲಿ ಬೇಸಿಗೆಗೊಮ್ಮೆ ಓಣಿಯವರೇ ಇಳಿದು ಹೂಳು ತೆಗೆಯುತ್ತಿದ್ದರು. ಮನೆಗೊಬ್ಬ ಆಳು ಬರಬೇಕೆಂಬುದು ದೈವದ ಕಟ್ಟಳೆ. ಈಚಿನ ವರ್ಷಗಳಲ್ಲಿ ಕೆಲವು ಬಾವಿಗಳ ಮುಳ್ಳುಕಂಟಿ ಕಡಿದು, ಕಲ್ಲು ಜೋಡಿಸಿ ದುರಸ್ತಿ ಮಾಡಿದ್ದಾರೆ, ಸುತ್ತ ಕಬ್ಬಿಣದ ಸರಳು ಬಂದಿದೆ. ಮುಂದಿನ ಬೇಸಿಗೆಯ ಹೂಳಿಗೆ ಮನೆಗೊಬ್ಬ ಆಳು ಬರುವ ಕಟ್ಟಳೆ ಈಗಿಲ್ಲ. ಅದರ ಕೂಲಿ ಪಂಚಾಯತಿಯ ಕ್ರಿಯಾಯೋಜನೆಯಲ್ಲಿ ಒಂದು ಸಾಲಾಗಿ ಬರಬೇಕು, ಆ ಸಾಲನ್ನು ಬರೆಸಬೇಕಾದವರು ಆರು ತಿಂಗಳಿಗೊಮ್ಮೆ ಶಾಲೆಯ ಅಂಗಳಕ್ಕೆ ಬರಬೇಕು.